‘ರೋಗನಿರೋಧಕ ಅಣಬೆ’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಆರೋಗ್ಯ ಪುರವಣಿಗಳಲ್ಲಿ ಔಷಧೀಯ ಅಣಬೆಗಳ ಬಗ್ಗೆ ಬರುವ ಬರಹಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಇದು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ.’ ಓದುವವರಿಗೆ ಇವು ಒಂದೇ ಗುಣದ ಎರಡು ಹೆಸರುಗಳಂತೆ ಕೇಳಿಸುತ್ತವೆ. ನಿಜದಲ್ಲಿ ಇವು ಬಹುಮಟ್ಟಿಗೆ ಎದುರುಬದುರಾದ ಕೆಲಸಗಳು. ರೋಗನಿರೋಧಕ ವ್ಯವಸ್ಥೆ ಕೆಲಸಕ್ಕಿಳಿದಾಗ ಕಾಣುವ ಬಿಸಿ, ಕೆಂಪು, ಬಾವು, ನೋವನ್ನೇ ಉರಿಯೂತ ಎನ್ನುವುದು. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವ ಪುಡಿ ಯಾವುದು? ಅಂಥ ಒಂದೇ ವಸ್ತು ಅಣಬೆಯಲ್ಲಿಲ್ಲ. ಅಲ್ಲಿರುವುದು ಬೇರೆ ಬೇರೆ ರಾಸಾಯನಿಕಗಳು. ಮೊದಲ ಕೆಲಸ ಮಾಡುವ ವಸ್ತು ಬಿಸಿನೀರಿಗೆ ಬಿಡುತ್ತದೆ, ಎರಡನೆಯದನ್ನು ಮಾಡುವುದು ಹೆಚ್ಚಾಗಿ ಆಲ್ಕೋಹಾಲಿಗೆ ಬಿಡುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಓದುಗರು ಯಾವ ಸೀಸೆಯ ಮೇಲಿನ ಮಾತನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ತಾವೇ ತೀರ್ಮಾನಿಸಬಲ್ಲರು. ಅದಕ್ಕಾಗಿ ಈ ದೀರ್ಘ ಪತ್ರ.

ಮೊದಲು ನೀರಿಗೆ ಬರುವುದನ್ನು ನೋಡೋಣ. ಅದು ಬೀಟಾ ಗ್ಲುಕಾನ್, ಅಂದರೆ ಗ್ಲುಕೋಸ್ ಅಣುಗಳ ಉದ್ದನೆಯ ಸರಪಳಿ. ಪಿಷ್ಟವೂ ಗ್ಲುಕೋಸಿನ ಸರಪಳಿಯೇ, ಆದರೆ ಕೊಂಡಿ ಹಾಕಿರುವ ರೀತಿ ಬೇರೆ. ಪಿಷ್ಟದ್ದು ಆಲ್ಫಾ ಕೊಂಡಿ. ಅದನ್ನು ಬಿಡಿಸುವ ಕೆಲಸ ಬಾಯಿಯ ಜೊಲ್ಲಿನಲ್ಲೇ ಶುರುವಾಗುತ್ತದೆ. ಅಣಬೆಯ ಜೀವಕೋಶದ ಗೋಡೆಯಲ್ಲಿರುವುದು ಬೀಟಾ 1,3 ಕೊಂಡಿಯ ಸರಪಳಿ, ಅದಕ್ಕೆ ಅಲ್ಲಲ್ಲಿ ಬೀಟಾ 1,6 ಕವಲು. ಶಿಟಾಕೆ ಅಣಬೆಯ ಲೆಂಟಿನಾನ್‌ನಲ್ಲಿ ಸರಪಳಿಯ ಪ್ರತಿ ಐದು ಗ್ಲುಕೋಸಿಗೆ ಎರಡು ಕವಲುಗಳಿವೆ, ಮೂರು ಸರಪಳಿ ಹೆಣೆದುಕೊಂಡು ಜಡೆಯಂತಾಗುತ್ತವೆ. ಈ ಬೀಟಾ ಕೊಂಡಿಯನ್ನು ನಮ್ಮ ಜೀರ್ಣರಸಗಳು ಬಿಡಿಸಲಾರವು. ಹಾಗಾಗಿ ಅದು ಕರುಳಿನುದ್ದಕ್ಕೂ ಹೆಚ್ಚುಕಡಿಮೆ ಇಡಿಯಾಗಿ ಸಾಗುತ್ತದೆ, ಕೊನೆಯಲ್ಲಿ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದರ ಒಂದು ಭಾಗವನ್ನು ಹುಳಿಯಿಸುತ್ತವೆ.

ನಮ್ಮ ದೇಹಕ್ಕೆ ಬೀಟಾ ಗ್ಲುಕಾನ್ ಔಷಧವಾಗಿ ಕಾಣುವುದಿಲ್ಲ. ಅದು ದೇಹಕ್ಕೆ ನುಗ್ಗುವ ಶಿಲೀಂಧ್ರದ ಗೋಡೆಯ ಚೂರಿನಂತೆ ಕಾಣುತ್ತದೆ. ಆ ಚೂರನ್ನು ಗುರುತಿಸಲು ಬಿಳಿ ರಕ್ತಕಣಗಳ ಮೈಮೇಲೆ ಡೆಕ್ಟಿನ್-1 ಎಂಬ ಗ್ರಾಹಕ, ಅಂದರೆ ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನು, ಇದೆ. ಅದು ಬೀಟಾ ಗ್ಲುಕಾನ್‌ನ ಗ್ರಾಹಕವೆಂದು 2001ರಲ್ಲಿ ಗೊತ್ತಾಯಿತು. ಚೂರು ಅಂಟಿಕೊಂಡ ಕೂಡಲೇ ಕಣದೊಳಗೆ ಸಂಕೇತ ಹರಿದು, ಟಿಎನ್‌ಎಫ್, ಐಎಲ್-6ರಂಥ ಉರಿಯೂತದ ಸಂದೇಶವಾಹಕಗಳು ಹೊರಬೀಳುತ್ತವೆ. ಅಂದರೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಈ ವಸ್ತು ಪ್ರಯೋಗಾಲಯದ ತಟ್ಟೆಯಲ್ಲಿ ಮಾಡುವ ಮೊದಲ ಕೆಲಸ ಉರಿಯೂತವನ್ನು ಎಬ್ಬಿಸುವುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜನಪ್ರಿಯ ಬರಹಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ಡೆಕ್ಟಿನ್-1 ಪೂರ್ತಿ ಎಚ್ಚರಗೊಳ್ಳಬೇಕಾದರೆ ಬೀಟಾ ಗ್ಲುಕಾನ್ ಕರಗದ ಕಣರೂಪದಲ್ಲಿರಬೇಕು ಎಂದು 2011ರಲ್ಲಿ ತೋರಿಸಲಾಯಿತು. ಆ ಗ್ಲುಕಾನ್ ಕಣಕ್ಕೆ ಬಿಳಿ ರಕ್ತಕಣ ಮೈಯೊತ್ತಿ ಅಂಟಿಕೊಂಡಾಗ, ಸಂಕೇತವನ್ನು ಆರಿಸುವ ಸಿಡಿ45, ಸಿಡಿ148 ಎಂಬ ಪ್ರೋಟೀನುಗಳು ಆ ಜಾಗದಿಂದ ಪಕ್ಕಕ್ಕೆ ಸರಿಯುತ್ತವೆ. ನೀರಿನಲ್ಲಿ ಪೂರಾ ಕರಗಿದ ಗ್ಲುಕಾನ್ ಗ್ರಾಹಕಕ್ಕೆ ಅಂಟಿದರೂ ಅವುಗಳನ್ನು ಸರಿಸಲಾರದು. ಬೀಗದಲ್ಲಿ ಕೀಲಿ ಹೊಕ್ಕಿದೆ, ತಿರುಗುತ್ತಿಲ್ಲ. ಆದ್ದರಿಂದ ‘ಪೂರ್ಣ ಕರಗುವ ಸಾರ, ಆದ್ದರಿಂದ ಹೆಚ್ಚು ಪರಿಣಾಮ’ ಎಂಬ ಜಾಹೀರಾತಿನ ತರ್ಕ ಈ ಗ್ರಾಹಕದ ಮಟ್ಟಿಗಂತೂ ತಲೆಕೆಳಗು. ಕರಗಿದ ರೂಪ ಬೇರೆ ಗ್ರಾಹಕಗಳ ಮೂಲಕ, ಕರುಳಿನ ಬ್ಯಾಕ್ಟೀರಿಯಾಗಳ ಮೂಲಕ ಕೆಲಸ ಮಾಡಬಹುದು. ಅದು ಬೇರೆ ದಾರಿ, ಅದಕ್ಕೆ ಬೇರೆಯದೇ ಪುರಾವೆ ಬೇಕು.

ಇನ್ನು ಆಲ್ಕೋಹಾಲಿಗೆ ಬರುವ ವಸ್ತುಗಳು. ರೀಶಿ ಅಣಬೆಯ ಕಹಿಗೆ ಕಾರಣ ಅದರಲ್ಲಿರುವ ಟ್ರೈಟರ್ಪೀನುಗಳು. ಅವುಗಳಲ್ಲಿ ಮೊದಲ ಗ್ಯಾನೊಡರಿಕ್ ಆಮ್ಲಗಳ ರಚನೆ 1982ರಲ್ಲಿ ಪ್ರಕಟವಾಯಿತು. ಆಮೇಲೆ ನೂರಾರು ಸಿಕ್ಕಿವೆ. ಉರಿಯೂತದ ವಂಶವಾಹಿಗಳನ್ನು ಚಾಲೂ ಮಾಡುವ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನನ್ನು ಇವುಗಳಲ್ಲಿ ಕೆಲವು ತಡೆಯುತ್ತವೆ. ‘ಉರಿಯೂತ ತಗ್ಗಿಸುತ್ತದೆ’ ಎಂಬ ಮಾತಿನ ಒಂದು ಮುಖ್ಯ ಮೂಲ ಇದು. ಹೀಗಾಗಿ ಕಹಿಯೇ ಇಲ್ಲದ ‘ರೀಶಿ ಪುಡಿ’ ಸಿಕ್ಕರೆ ಅದರಲ್ಲಿ ಟ್ರೈಟರ್ಪೀನ್ ಹೆಚ್ಚೇನೂ ಇಲ್ಲವೆಂದೇ ತಿಳಿಯಬೇಕು. ನಾಲಿಗೆಯೇ ಇಲ್ಲಿ ಒಳ್ಳೆಯ ಪರೀಕ್ಷಕ.

ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರದ ಕಾರ್ಡಿಸೆಪಿನ್ ಮೂರನೆಯ ಬಗೆ. ದೇಹದ ಅಡಿನೋಸಿನ್‌ಗಿಂತ ಒಂದು ಆಮ್ಲಜನಕ ಪರಮಾಣು ಕಡಿಮೆ, ಉಳಿದಂತೆ ಅದರ ಪಡಿಯಚ್ಚು. ಉರಿಯೂತದ ಸಂದೇಶಗಳನ್ನು ಅದು ತಟ್ಟೆಯಲ್ಲಿ ಚೆನ್ನಾಗಿಯೇ ತಗ್ಗಿಸುತ್ತದೆ. ರಕ್ತಕ್ಕೆ ಹೋದರೆ ಅಡಿನೋಸಿನ್ ಡಿಅಮಿನೇಸ್ ಎಂಬ ಎಂಜೈಮು ಅದನ್ನು ನಿಮಿಷಗಳಲ್ಲಿ ನಿಷ್ಕ್ರಿಯ ವಸ್ತುವಾಗಿ ಬದಲಿಸಿಬಿಡುತ್ತದೆ. ಜೊತೆಗೆ, ಕಾರ್ಡಿಸೆಪಿನ್ ಧಾರಾಳವಾಗಿರುವುದು ಸಾಕಿ ಬೆಳೆಸುವ ಕಿತ್ತಳೆ ಬಣ್ಣದ ಕಾರ್ಡಿಸೆಪ್ಸ್ ಮಿಲಿಟಾರಿಸ್‌ನಲ್ಲಿ. ಹಿಮಾಲಯದ ಎತ್ತರದಲ್ಲಿ ಮರಿಹುಳುವಿನ ಮೇಲೆ ಬೆಳೆಯುವ, ಚಿನ್ನದಂತೆ ಮಾರಾಟವಾಗುವ ಅದರ ಬಂಧುವಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎರಡನ್ನೂ ‘ಕಾರ್ಡಿಸೆಪ್ಸ್’ ಎಂದು ಒಂದೇ ಹೆಸರಿನಲ್ಲಿ ಬರೆಯುವುದು ತಪ್ಪು.

ಪ್ರಯೋಗಾಲಯದ ಫಲಿತಾಂಶಗಳನ್ನು ಓದುವಾಗ ಒಂದು ಸರಳ ಲೆಕ್ಕ ಮಾಡಿ. ಉರಿಯೂತದ ಬಹಳಷ್ಟು ಪ್ರಯೋಗಗಳು ಇಲಿಯ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳ ಮೇಲೆ ನಡೆಯುತ್ತವೆ. ಸಾರದ ಪ್ರಮಾಣ ಒಂದು ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಇರುವುದು ಸಾಮಾನ್ಯ. ದೊಡ್ಡವರ ರಕ್ತದಲ್ಲಿ ಪ್ಲಾಸ್ಮಾ ಸುಮಾರು 3 ಲೀಟರ್. ಅಷ್ಟು ಪ್ಲಾಸ್ಮಾದಲ್ಲಿ ಆ ಮಟ್ಟ ತಲುಪಲು 300 ಮಿಲಿಗ್ರಾಂ ಸಾರ ಒಂದು ಹನಿಯೂ ಪೋಲಾಗದೆ ಕರುಳಿನಿಂದ ರಕ್ತಕ್ಕೆ ಹೋಗಿ, ಅಂಗಾಂಶಗಳಿಗೆ ಹರಡದೆ, ಯಕೃತ್ತಿನಲ್ಲಿ ಒಡೆಯದೆ ಅಲ್ಲೇ ನಿಲ್ಲಬೇಕು. ಟ್ರೈಟರ್ಪೀನುಗಳು ಕರುಳಿನಿಂದ ಹೀರಲ್ಪಡುವುದೇ ಸ್ವಲ್ಪ. ಹೀಗಾಗಿ ತಟ್ಟೆಯಲ್ಲಿ ಸಿಕ್ಕ ಫಲಿತಾಂಶ ಮುಂದಿನ ಸಂಶೋಧನೆಗೆ ಸುಳಿವಾಗುತ್ತದೆಯೇ ಹೊರತು ರೋಗಿಗೆ ಭರವಸೆಯಾಗುವುದಿಲ್ಲ.

ಇದಕ್ಕಿಂತ ದೊಡ್ಡ ಹಳ್ಳ ಇನ್ನೊಂದಿದೆ, ಪರಿಣತರೂ ಅದಕ್ಕೆ ಬೀಳುತ್ತಾರೆ. ಅಣಬೆ ಬೆಳೆಯುವ ತಳದಲ್ಲಿ, ತೊಳೆಯುವ ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವುಗಳ ಹೊರಗೋಡೆಯ ಎಂಡೋಟಾಕ್ಸಿನ್ ಎಂಬ ವಿಷ ಮಿಲಿಲೀಟರಿಗೆ ನ್ಯಾನೊಗ್ರಾಂ ಮಟ್ಟದಲ್ಲೇ ಬಿಳಿ ರಕ್ತಕಣಗಳನ್ನು ಕೆರಳಿಸುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ಪಾತ್ರೆಗಳಿಂದ ತೆಗೆಯಲು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡುತ್ತಾರೆ. ಅಣಬೆಸಾರ ಹಾಕಿದಾಗ ಟಿಎನ್‌ಎಫ್ ಏರಿತೆಂದರೆ, ಏರಿಸಿದ್ದು ಅಣಬೆಯೋ ಅದಕ್ಕಂಟಿದ ಬ್ಯಾಕ್ಟೀರಿಯಾ ಕೊಳೆಯೋ? ಎಂಡೋಟಾಕ್ಸಿನ್ ಅನ್ನು ಹಿಡಿದುಕೊಳ್ಳುವ ಪಾಲಿಮಿಕ್ಸಿನ್ ಬಿ ಬೆರೆಸಿ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಪರಿಣಾಮ ಉಳಿದರೆ ಮಾತ್ರ ಅದು ಅಣಬೆಯದು ಎನ್ನಲು ದಾರಿ. ಎಂಡೋಟಾಕ್ಸಿನ್ ಅಳೆಯುವ ಸಾಮಾನ್ಯ ಲಿಮ್ಯುಲಸ್ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಬೀಟಾ ಗ್ಲುಕಾನ್ ತಾನೇ ಆ ಪರೀಕ್ಷೆಯನ್ನು ಚಾಲೂ ಮಾಡಿಬಿಡುತ್ತದೆ. ಗ್ಲುಕಾನ್ ತಡೆಯುವ ದ್ರಾವಣ ಬಳಸಿದ ಪರೀಕ್ಷೆಯೋ, ಗ್ಲುಕಾನ್‌ಗೆ ಸ್ಪಂದಿಸದ ರಿಕಾಂಬಿನೆಂಟ್ ಫ್ಯಾಕ್ಟರ್ ಸಿ ಪರೀಕ್ಷೆಯೋ ಬೇಕು. ಈ ಎಚ್ಚರಿಕೆಗಳ ಮಾತೇ ಇಲ್ಲದ ‘ರೋಗನಿರೋಧಕ ಪ್ರಚೋದನೆ’ಯ ಅಧ್ಯಯನಕ್ಕೆ ಪತ್ರಿಕೆಯಲ್ಲಿ ತಲೆಬರಹ ಕೊಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಮನುಷ್ಯರಲ್ಲಿ ಏನೂ ಸಾಬೀತಾಗಿಲ್ಲವೇ? ಆಗಿದೆ, ಅದನ್ನೂ ಅಷ್ಟೇ ನಿಖರವಾಗಿ ಹೇಳಬೇಕು. ಜಪಾನಿನಲ್ಲಿ ಟರ್ಕಿ ಟೇಲ್ ಅಣಬೆಯಿಂದ ತೆಗೆದ ಪಿಎಸ್‌ಕೆ 1977ರಲ್ಲಿ ಔಷಧವಾಗಿ ಮಂಜೂರಾಯಿತು. ಕ್ರೆಸ್ಟಿನ್ ಎಂಬುದು ಅದರ ಮಾರಾಟದ ಹೆಸರಾಗಿತ್ತು. ಅದು ಪ್ರೋಟೀನ್ ಅಂಟಿದ ಗ್ಲುಕಾನ್, ಬಾಯಿಂದ ಕೊಡುತ್ತಿದ್ದುದು ದಿನಕ್ಕೆ 3 ಗ್ರಾಂ. ಜಠರದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ 262 ರೋಗಿಗಳ ಪ್ರಯೋಗವೊಂದು 1994ರಲ್ಲಿ ಪ್ರಕಟವಾಯಿತು. ಕೀಮೊಥೆರಪಿಯ ಜೊತೆ ಪಿಎಸ್‌ಕೆ ಪಡೆದವರಲ್ಲಿ ಐದು ವರ್ಷ ಬದುಕುಳಿದವರು ಶೇ 73, ಕೀಮೊಥೆರಪಿ ಮಾತ್ರ ಪಡೆದವರಲ್ಲಿ ಶೇ 60. ಎಂಟು ಪ್ರಯೋಗಗಳ 8,009 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯಲ್ಲಿ ಸಾವಿನ ಅಪಾಯ ಸುಮಾರು ಶೇ 12ರಷ್ಟು ಕಡಿಮೆ ಕಂಡಿತು. ಶಿಟಾಕೆಯ ಲೆಂಟಿನಾನ್ 1985ರಲ್ಲಿ ಅಲ್ಲಿಯೇ ಮಂಜೂರಾದದ್ದು ಚುಚ್ಚುಮದ್ದಾಗಿ, ವಾರಕ್ಕೆ ಒಟ್ಟು 2 ಮಿಲಿಗ್ರಾಂ. ಗಮನಿಸಿ: ಒಂದೆಡೆ ಗ್ರಾಂ ಲೆಕ್ಕ, ಇನ್ನೊಂದೆಡೆ ಮಿಲಿಗ್ರಾಂ, ಒಂದು ಕರುಳಿಗೆ, ಇನ್ನೊಂದು ನೇರ ರಕ್ತಕ್ಕೆ. ಎರಡೂ ಶುದ್ಧೀಕರಿಸಿದ ಔಷಧಗಳು, ಎರಡನ್ನೂ ಕೊಟ್ಟದ್ದು ಕೀಮೊಥೆರಪಿಯ ಜೊತೆಗೆ, ಅದರ ಬದಲಿಗಲ್ಲ. ಚುಚ್ಚುಮದ್ದಿನ ಫಲಿತಾಂಶವನ್ನು ತೋರಿಸಿ ಕ್ಯಾಪ್ಸೂಲ್ ಮಾರುವುದು ಮೋಸ.

ರೀಶಿಯ ಕಥೆ ಇಷ್ಟು ಗಟ್ಟಿಯಲ್ಲ. ಕ್ಯಾನ್ಸರಿಗೆ ಅದರ ಬಳಕೆ ಕುರಿತ ಕಾಕ್ರೇನ್ ಪರಾಮರ್ಶೆಗೆ (ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿಗೆ) ಸಿಕ್ಕಿದ್ದು ಐದು ಪ್ರಯೋಗ, 373 ರೋಗಿಗಳು. ಅದನ್ನೇ ಮೊದಲ ಚಿಕಿತ್ಸೆಯಾಗಿ ಬಳಸಲು ಆಧಾರವಿಲ್ಲ, ಮುಖ್ಯ ಚಿಕಿತ್ಸೆಯ ಜೊತೆಗೆ ಪೂರಕವಾಗಿ ಪರಿಗಣಿಸಬಹುದು ಎಂಬಲ್ಲಿಗೆ ಅದು ನಿಂತಿತು. ಟೈಪ್ 2 ಮಧುಮೇಹಿಗಳ ಹೃದಯದ ಅಪಾಯ ಕುರಿತ 2015ರ ಪರಾಮರ್ಶೆ ರೀಶಿಯ ಬಳಕೆಯನ್ನು ಬೆಂಬಲಿಸಲಿಲ್ಲ.

ಆಹಾರವಾಗಿ ತಿನ್ನುವ ಬಗ್ಗೆ 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ಆರೋಗ್ಯವಂತರಾದ 52 ಯುವಜನರು ನಾಲ್ಕು ವಾರ ದಿನಕ್ಕೆ 5 ಅಥವಾ 10 ಗ್ರಾಂ ಒಣ ಶಿಟಾಕೆಯನ್ನು ಬೇಯಿಸಿ ತಿಂದರು. ಟಿ ಕಣಗಳೆಂಬ ಬಿಳಿ ರಕ್ತಕಣಗಳಲ್ಲಿ ಕೆಲವು ಬಗೆಯವುಗಳ ವೃದ್ಧಿ ಹೆಚ್ಚಿತು, ಜೊಲ್ಲಿನ ಪ್ರತಿಕಾಯ ಹೆಚ್ಚಿತು, ಉರಿಯೂತದ ಗುರುತಾದ ಸಿಆರ್‌ಪಿ ಇಳಿಯಿತು. ಆಶಾದಾಯಕ ಫಲಿತಾಂಶವೇ. ಆದರೆ ಅಣಬೆ ತಿನ್ನದ ಗುಂಪೊಂದು ಹೋಲಿಕೆಗೆ ಇರಲಿಲ್ಲ, ಮತ್ತು ಯಾರಿಗೆ ಕಾಯಿಲೆ ಕಡಿಮೆಯಾಯಿತು ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ರಕ್ತದ ಅಂಕಿ ಬದಲಾಗುವುದಕ್ಕೂ ರೋಗ ತಪ್ಪುವುದಕ್ಕೂ ನಡುವೆ ಬಹಳ ದೂರವಿದೆ.

ಈಗ ತಯಾರಿಕೆಯ ಮಾತು. ಹೆಚ್ಚಿನ ತಪ್ಪುಗಳಾಗುವುದು ಇಲ್ಲಿಯೇ. ರೀಶಿ ಒಣಗಿದರೆ ಮರದ ಹಲಗೆ. ಹಸಿಯಿದ್ದಾಗಲೇ 3ರಿಂದ 5 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿಕೊಳ್ಳಬೇಕು. 50ರಿಂದ 60 ಡಿಗ್ರಿಯಲ್ಲಿ, ಬಗ್ಗಿಸಿದರೆ ಟಕ್ಕನೆ ಮುರಿಯುವವರೆಗೆ ಒಣಗಿಸಬೇಕು. ಬಗ್ಗಿದರೆ ಒಳಗೆ ತೇವವಿದೆ ಎಂದರ್ಥ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಅಣಬೆಯನ್ನು ಕೆರೆದು ಬಳಸಬಾರದು. ಬೂಷ್ಟಿನ ವಿಷಗಳು ಕುದಿತಕ್ಕೆ ಜಗ್ಗುವುದಿಲ್ಲ. ಚೀನಾದ ಅಧಿಕೃತ ಔಷಧಕೋಶ ರೀಶಿಗೆ ಹೇಳುವ ಪ್ರಮಾಣ ದಿನಕ್ಕೆ 6ರಿಂದ 12 ಗ್ರಾಂ ಒಣ ಅಣಬೆ, ಕಷಾಯವಾಗಿ. ಈ ಅಂಕಿಯನ್ನು 500 ಮಿಲಿಗ್ರಾಂ ಪುಡಿಯ ಕ್ಯಾಪ್ಸೂಲಿನ ಪಕ್ಕದಲ್ಲಿಟ್ಟು ನೋಡಿ: ಕನಿಷ್ಠ ಪ್ರಮಾಣಕ್ಕೇ 12 ಕ್ಯಾಪ್ಸೂಲ್ ಬೇಕು.

ಕಷಾಯಕ್ಕೆ 10 ಗ್ರಾಂ ಬಿಲ್ಲೆಗೆ 200 ಮಿಲಿಲೀಟರ್ ನೀರು, ಅಂದರೆ ಒಂದಕ್ಕೆ ಇಪ್ಪತ್ತು. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಎರಡು ಗಂಟೆ. ನೀರು ಇಂಗಿದಷ್ಟು ಬಿಸಿನೀರನ್ನೇ ಸೇರಿಸುತ್ತಿರಬೇಕು. ಸೋಸಿಕೊಂಡು, ಚರಟಕ್ಕೆ ಇನ್ನೊಮ್ಮೆ ನೀರು ಹಾಕಿ ಒಂದು ಗಂಟೆ ಕುದಿಸಿ ಎರಡನ್ನೂ ಬೆರೆಸಬೇಕು. ಜೀವಕೋಶದ ಗೋಡೆಯಲ್ಲಿ ಗ್ಲುಕಾನ್ ಕೈಟಿನ್ ಎಂಬ ಗಟ್ಟಿ ನಾರಿಗೆ ಹೆಣೆದುಕೊಂಡಿರುವುದರಿಂದ ಹತ್ತು ನಿಮಿಷದ ಚಹಾದಲ್ಲಿ ಬಣ್ಣ, ಕಹಿ ಬರುತ್ತವೆ, ಗ್ಲುಕಾನ್ ಹೆಚ್ಚಾಗಿ ಒಳಗೇ ಉಳಿಯುತ್ತದೆ. ಸಾರ ತಣ್ಣಗಾದಾಗ ತುಸು ಲೋಳೆಯಾಗಿದ್ದರೆ ಕೆಲಸ ಸರಿಯಾಗಿದೆ. ಇದು ಕೆಡುವ ವಸ್ತು. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಬೇಕು.

ಟ್ರೈಟರ್ಪೀನಿಗೆ ಶೇ 70ರಿಂದ 95ರ ಆಹಾರ ದರ್ಜೆಯ ಎಥನಾಲ್ ಬೇಕು. ಕೈತೊಳೆಯುವ ಅಥವಾ ಕೈಗಾರಿಕಾ ಸ್ಪಿರಿಟ್ ಎಂದಿಗೂ ಸಲ್ಲದು, ಅದರಲ್ಲಿ ಮೆಥನಾಲ್ ಇರಬಹುದು. ಆಮೇಲೆ ‘ಎರಡೂ ಸಾರ ಬೆರೆಸಿದ’ ದ್ರವ ಎಂದು ಮಾರುತ್ತಾರಲ್ಲ, ಅದರ ತೊಡಕು ಕೇಳಿ. ಗ್ಲುಕಾನ್‌ಗೆ ಆಲ್ಕೋಹಾಲ್ ಆಗದು. ಪ್ರಯೋಗಾಲಯದಲ್ಲಿ ಅದನ್ನು ನೀರಿನಿಂದ ಬೇರ್ಪಡಿಸುವುದೇ ಮೂರ್ನಾಲ್ಕು ಪಟ್ಟು ಎಥನಾಲ್ ಸುರಿದು ರಾತ್ರಿಯಿಡೀ ತಣ್ಣಗಿಟ್ಟು. ಟ್ರೈಟರ್ಪೀನಿಗೆ ನೀರು ಅಷ್ಟಾಗಿ ಆಗದು. ಅರ್ಧ ಕಷಾಯ, ಅರ್ಧ ಶೇ 95ರ ಎಥನಾಲ್ ಬೆರೆಸಿದರೆ ಆಲ್ಕೋಹಾಲ್ ಶೇ 47ರ ಆಸುಪಾಸಿಗೆ ಬಂದು ಗ್ಲುಕಾನ್ ಬೂದು ಬಣ್ಣದ ಎಳೆಎಳೆಯಾಗಿ ತಳಕ್ಕಿಳಿಯುತ್ತದೆ. 700 ಮಿಲಿಲೀಟರ್ ಕಷಾಯಕ್ಕೆ ಶೇ 70ರ ಸಾರ 300 ಮಿಲಿಲೀಟರ್ ಬೆರೆಸಿದರೆ ಆಲ್ಕೋಹಾಲ್ ಶೇ 21. ಗ್ಲುಕಾನ್ ಹೆಚ್ಚಾಗಿ ಕರಗಿಯೇ ಇರುತ್ತದೆ, ಟ್ರೈಟರ್ಪೀನ್ ಮಬ್ಬಾಗಿ ತೇಲುತ್ತದೆ. ಸೀಸೆಯ ತಳದ ಗಸಿ ಕಸವಲ್ಲ, ಎಷ್ಟೋ ಸಲ ಬೆಲೆಯುಳ್ಳ ಭಾಗವೇ ಅದು. ಕುಲುಕದೆ ಮೇಲಿನ ತಿಳಿಯನ್ನಷ್ಟೇ ಹನಿಸಿಕೊಂಡರೆ ಅರ್ಧ ಅಣಬೆಯನ್ನು ಸೀಸೆಯಲ್ಲೇ ಬಿಟ್ಟಂತೆ.

ಸೀಸೆಯ ಚೀಟಿಯಲ್ಲಿ ‘ಪಾಲಿಸ್ಯಾಕರೈಡ್ (ಸಕ್ಕರೆ ಸರಪಳಿ) ಶೇ 40’ ಎಂದಿದ್ದರೆ ಹಿಗ್ಗಬೇಡಿ. ಫೀನಾಲ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಾಮೂಲಿ ಪರೀಕ್ಷೆ ಎಲ್ಲ ಸಕ್ಕರೆಯನ್ನೂ ಒಟ್ಟಿಗೇ ಎಣಿಸುತ್ತದೆ: ಗ್ಲುಕಾನ್, ಪಿಷ್ಟ, ಪಿಷ್ಟ ಒಡೆದು ಮಾಡಿ ಬೆರೆಸಿದ ಮಾಲ್ಟೊಡೆಕ್ಸ್ಟ್ರಿನ್, ಎಲ್ಲ ಒಂದೇ. ಒಟ್ಟು ಗ್ಲುಕಾನ್‌ನಿಂದ ಪಿಷ್ಟದಂಥ ಆಲ್ಫಾ ಗ್ಲುಕಾನ್ ಕಳೆದು ಬೀಟಾ ಗ್ಲುಕಾನ್ ಎಷ್ಟೆಂದು ಪ್ರತ್ಯೇಕ ಬರೆದಿರಬೇಕು. ‘10:1 ಸಾರ’ ಎಂಬುದೂ ಹತ್ತು ಕಿಲೋ ಒಂದು ಕಿಲೋ ಆಯಿತೆಂಬ ಮಾತಷ್ಟೇ. ಆ ಒಂದು ಕಿಲೋದಲ್ಲಿ ಏನು ಉಳಿದಿದೆ ಎಂದು ಅದು ಹೇಳುವುದಿಲ್ಲ.

ಪಿಷ್ಟ ಎಲ್ಲಿಂದ ಬರುತ್ತದೆ? ಬಹಳಷ್ಟು ಪುಡಿಗಳು ಅಣಬೆಯ ಕೊಡೆಯಿಂದಾದವಲ್ಲ. ಧಾನ್ಯದ ಮೇಲೆ ಶಿಲೀಂಧ್ರದ ಬಿಳಿ ಎಳೆಗಳನ್ನು ಬೆಳೆಸಿ, ಧಾನ್ಯಸಮೇತ ಒಣಗಿಸಿ ಪುಡಿ ಮಾಡಿರುತ್ತಾರೆ. ಇದನ್ನು ಮನೆಯಲ್ಲೇ ನೋಡಬಹುದು. ಒಂದು ಗ್ರಾಂ ಪುಡಿಯನ್ನು 50 ಮಿಲಿಲೀಟರ್ ನೀರಿನಲ್ಲಿ ಐದು ನಿಮಿಷ ಕುದಿಸಿ, ಪೂರಾ ಆರಿಸಿ, ಮೇಲಿನ ತಿಳಿಗೆ ಅಷ್ಟೇ ನೀರು ಸೇರಿಸಿ ಎರಡು ಮೂರು ಹನಿ ಅಯೋಡಿನ್ ದ್ರಾವಣ ಹಾಕಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಸಾಕು. ಕಡುನೀಲಿಯೋ ಕಪ್ಪೋ ಆದರೆ ಧಾನ್ಯದ ಪಿಷ್ಟವಿದೆ. ಕೆಂಗಂದು ಬಣ್ಣ ಬಂದರೆ ಅಣಬೆ ತಾನೇ ಕೂಡಿಟ್ಟ ಸಕ್ಕರೆ ಸರಪಳಿ ಗ್ಲೈಕೋಜನ್ ಇರಬಹುದು. ಬಿಸಿಯಿದ್ದಾಗ ಹಾಕಿದರೆ ನೀಲಿ ಮೂಡುವುದೇ ಇಲ್ಲ, ಅನೇಕರು ಎಡವುವುದು ಅಲ್ಲಿಯೇ. ನೀಲಿಯಾಗದ ಮಾತ್ರಕ್ಕೆ ಪುಡಿ ಶುದ್ಧವೆಂದೂ ಅಲ್ಲ; ಮಾಲ್ಟೊಡೆಕ್ಸ್ಟ್ರಿನ್ ಈ ಪರೀಕ್ಷೆಗೆ ಸಿಗದೆ ಜಾರಿಕೊಳ್ಳಬಹುದು. ಅಮೆರಿಕದಲ್ಲಿ ರೀಶಿ ಎಂದು ಮಾರುತ್ತಿದ್ದ 19 ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದಾಗ, ಚೀಟಿಗೂ ಒಳಗಿನ ಸರಕಿಗೂ ಹೊಂದಿಕೆ ಕಂಡದ್ದು ಐದರಲ್ಲಿ ಮಾತ್ರ. ಎಳೆಗಳೆಲ್ಲ ಕೀಳು, ಕೊಡೆಯೇ ಮೇಲು ಎಂದೂ ಹೇಳುತ್ತಿಲ್ಲ. ಲಯನ್ಸ್ ಮೇನ್ ಅಣಬೆಯ ಎರಿನಾಸಿನ್ ಎಂಬ ರಾಸಾಯನಿಕಗಳು ಮೊದಲು ಸಿಕ್ಕಿದ್ದು ಎಳೆಗಳಲ್ಲಿ, ಅದರದೇ ಇನ್ನೊಂದು ಬಗೆಯ ಹೆರಿಸಿನೋನ್‌ಗಳು ಕೊಡೆಯಲ್ಲಿ. ಯಾವ ವಸ್ತು ಬೇಕೋ ಅದರ ಮೇಲೆ ಭಾಗದ ಆಯ್ಕೆ.

ಅಪಾಯಗಳನ್ನು ಬರಹದ ಕೊನೆಯಲ್ಲಿ ‘ವೈದ್ಯರ ಸಲಹೆ ಪಡೆಯಿರಿ’ ಎಂಬ ಒಂದು ಸಾಲಿಗೆ ಇಳಿಸಬೇಡಿ. ಚಾಗಾ ಅಣಬೆಯಲ್ಲಿ ಆಕ್ಸಲೇಟ್ ತುಂಬ ಹೆಚ್ಚು. ಜಪಾನಿನಲ್ಲಿ 72 ವರ್ಷದ ಮಹಿಳೆಯೊಬ್ಬರು ಆರು ತಿಂಗಳು ದಿನಕ್ಕೆ ನಾಲ್ಕೈದು ಟೀ ಚಮಚ ಚಾಗಾ ಪುಡಿ ಸೇವಿಸಿ, ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಟ್ಟಿ ಡಯಾಲಿಸಿಸ್‌ಗೆ ಒಳಗಾದ ಪ್ರಕರಣ 2014ರಲ್ಲಿ ದಾಖಲಾಗಿದೆ. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಅದರ ಗೊಡವೆಗೇ ಹೋಗಬಾರದು. ಶಿಟಾಕೆಯನ್ನು ಹಸಿಯಾಗಿ, ಅರೆಬೇಯಿಸಿ ತಿಂದರೆ ಕೆಲವರಿಗೆ ಒಂದೆರಡು ದಿನಗಳಲ್ಲಿ ಮೈಮೇಲೆ ಚಾಟಿಯಿಂದ ಹೊಡೆದಂತೆ ಕೆಂಪು ಬರೆಗಳು ಏಳುತ್ತವೆ. ಜಪಾನಿನಲ್ಲಿ 1977ರಲ್ಲೇ ಇದನ್ನು ಗುರುತಿಸಿದ್ದಾರೆ, ಕಾರಣ ಲೆಂಟಿನಾನ್ ಎಂದೇ ತಿಳಿಯಲಾಗಿದೆ. ಚೆನ್ನಾಗಿ ಬೇಯಿಸುವುದೇ ಪರಿಹಾರ. ರೀಶಿ ಪುಡಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಅಪರೂಪದ ಪ್ರಕರಣಗಳಿವೆ, ಒಂದು ಸಾವೂ ಸೇರಿದಂತೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆಯವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ವೈದ್ಯರಿಗೆ ಅಣಬೆಯ ಹೆಸರನ್ನು ಹೇಳಲೇಬೇಕು.

ಎಲ್ಲಕ್ಕಿಂತ ಹೆಚ್ಚು ಕಳವಳ ನಮಗೆ ಇನ್ನೊಂದು ಗುಂಪಿನ ಬಗ್ಗೆ. ಕಸಿ ಮಾಡಿಸಿಕೊಂಡ ಮೂತ್ರಪಿಂಡ ಉಳಿಯಲೆಂದು ರೋಗನಿರೋಧಕ ಶಕ್ತಿಯನ್ನು ಮಾತ್ರೆಯಿಂದ ತಗ್ಗಿಸಿಕೊಂಡವರು. ಲೂಪಸ್, ರುಮಟಾಯ್ಡ್ ಸಂಧಿವಾತದಂಥ, ದೇಹ ತನ್ನ ಮೇಲೆ ತಾನೇ ಏರಿಹೋಗುವ ಕಾಯಿಲೆಯವರು. ಸಂಧಿವಾತದವರು ‘ಉರಿಯೂತ ತಗ್ಗುತ್ತದೆ’ ಎಂಬ ಮಾತು ನಂಬಿ ಕೊಳ್ಳುತ್ತಾರೆ, ಅವರ ಕೈಗೆ ಸಿಗುವುದು ಬಿಸಿನೀರಿನ ಸಾರ, ಅಂದರೆ ಪ್ರಚೋದಿಸುವ ಭಾಗ. ಬಾಯಿಂದ ತೆಗೆದುಕೊಂಡಾಗ ಅದು ಎಲ್ಲರಿಗೂ ಕೇಡು ಮಾಡೀತೆಂದು ನಾವು ಹೇಳುತ್ತಿಲ್ಲ. ಆದರೆ ಕಸಿಯಾದ ಅಂಗವನ್ನು ಪಣಕ್ಕಿಡುವಂಥ ಪ್ರಯೋಗವನ್ನು ಯಾರೂ ಮನೆಯಲ್ಲಿ ಮಾಡಬಾರದು.

ಆದ್ದರಿಂದ ಸಂಪಾದಕರೇ, ಅಣಬೆಯ ಬಗ್ಗೆ ಮುಂದೆ ಬರುವ ಪ್ರತಿ ಬರಹದಲ್ಲೂ ಅದರ ವೈಜ್ಞಾನಿಕ ಹೆಸರು, ಕೊಡೆಯೋ ಎಳೆಯೋ, ನೀರಿನ ಸಾರವೋ ಆಲ್ಕೋಹಾಲಿನದೋ, ಎಷ್ಟು ಗ್ರಾಂ, ಪ್ರಯೋಗ ನಡೆದದ್ದು ತಟ್ಟೆಯಲ್ಲೋ ಇಲಿಯಲ್ಲೋ ಮನುಷ್ಯರಲ್ಲೋ ಎಂಬುದನ್ನು ಲೇಖಕರಿಂದ ಕೇಳಿ ಹಾಕಿಸಿ. ಐದಾರು ಸಾಲು ಹೆಚ್ಚಾದೀತು. ಜಾಗ ಸಾಲದಿದ್ದರೆ ಅಣಬೆಯ ಚಿತ್ರವನ್ನು ಚಿಕ್ಕದು ಮಾಡಿ.

ಇತಿ,
ಅಣಬೆ ರಸಾಯನಗಳ ಕೆಲಸದಲ್ಲಿರುವ ಕೆಲವು ಓದುಗರು